ಸಂಗೀತ ಪುಸ್ತಕದಿಂದ ಬರಲ್ಲ ಅನ್ನೋರಿಗೆ

ಭಾಗ 1

"ಸಂಗೀತ ಪುಸ್ತಕ ನೋಡ್ಕೊಂಡು ಬರೋ ವಿದ್ಯೆ ಅಲ್ಲಮ್ಮ, ಗುರುಮುಖದಿಂದಾನೇ ಬರಬೇಕು."

ಈ ಮಾತು ಕೇಳಿಸ್ಕೊಳ್ದೆ ಸಂಗೀತದ ಕಡೆ ತಲೆ ಹಾಕಿದೋರು ನಮ್ಮ ಕ್ಲಾಸಲ್ಲಿ ಯಾರಾದ್ರೂ ಇದ್ದೀರಾ? ನನಗಂತೂ ಸಿಕ್ಕಿಲ್ಲ. ಹೇಳೋರ ದನಿ ಎಷ್ಟು ಗಂಭೀರವಾಗಿರುತ್ತೆ ಅಂದ್ರೆ, ಎದುರು ಮಾತಾಡಿದ್ರೆ ಸರಸ್ವತಿಗೇ ಬೈದ ಹಾಗೆ ಆಗುತ್ತೆ. ಅದಕ್ಕೇ ಯಾರೂ ಮಾತಾಡಲ್ಲ. ನಾನು ಮಾತಾಡ್ತೀನಿ. ಹತ್ತು ಪೋಸ್ಟ್ ಆಗುತ್ತೆ, ಉದ್ದ ಇದೆ, ಬೇಕಾದ್ರೆ ಸೇವ್ ಮಾಡ್ಕೊಂಡು ಸಂಜೆ ಬಸ್ಸಲ್ಲಿ ಓದಿ.

ಮೊದಲು ಒಂದು ಲೆಕ್ಕ ಹಾಕಿ. ಕನಕಪುರ ತಾಲ್ಲೂಕಿನ ಒಳಗಡೆಯ ಒಂದು ಊರು. ಅಲ್ಲಿಂದ ಕಾಲೇಜಿಗೆ ಬರೋ ಹುಡುಗಿಗೆ ಹಾಡೋ ಆಸೆ. ಸಂಗೀತದ ಮೇಷ್ಟ್ರು ಇರೋದು ಪೇಟೇಲಿ, ಪಾಠ ಸಂಜೆ ಆರಕ್ಕೆ, ಅವಳ ಊರಿನ ಕೊನೇ ಬಸ್ಸೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಫೀಸಿನ ಮಾತು ಆಮೇಲೆ. ಇವಳಿಗೆ "ಗುರುಮುಖದಿಂದಾನೇ" ಅಂದ್ರೆ ಅದರ ಅರ್ಥ ಏನು? "ನಿನಗಲ್ಲ" ಅಂತ. ಅಷ್ಟೇ ಅರ್ಥ. ಮಾತು ಮರ್ಯಾದೆಯದ್ದು, ಕೆಲಸ ಬಾಗಿಲು ಹಾಕೋದು.

ಗುರುಗಳು ಬೇಡ ಅಂತ ನಾನು ಹೇಳ್ತಾ ಇಲ್ಲ. ಕಾಮೆಂಟಲ್ಲಿ ಅದನ್ನೇ ಹಿಡ್ಕೊಂಡು ಜಗಳ ಆಡೋಕೆ ಬರೋರು ಐದನೇ ಭಾಗದವರೆಗೂ ಕಾಯಿರಿ. ಗುರುಗಳು ಸಿಗದೇ ಇರೋರ ಕೈಯಿಂದ ಪುಸ್ತಕಾನೂ ಕಿತ್ಕೊಳ್ಳೋ ಆ ಒಂದು ವಾಕ್ಯದ ಮೇಲೆ ಮಾತ್ರ ನನ್ನ ಸಿಟ್ಟು.

ಭಾಗ 2

ಯಾವುದಾದ್ರೂ ಸಂಗೀತದ ಮನೆಗೆ ಹೋಗಿ ಸುಮ್ನೆ ಕೂತು ಗಮನಿಸಿ. ಶ್ರುತಿಪೆಟ್ಟಿಗೆ ಪಕ್ಕ ಏನಿರುತ್ತೆ? ರಟ್ಟು ಹಾಕಿದ, ಅಂಚು ಹಳದಿಯಾದ ಒಂದು ದಪ್ಪ ನೋಟ್‌ಬುಕ್. ಮೇಷ್ಟ್ರು ತಮ್ಮ ಮೇಷ್ಟ್ರ ಹತ್ರ ಬರ್ಕೊಂಡಿದ್ದು. ಅದನ್ನ ನೋಡ್ಕೊಂಡು ಹೇಳ್ತಾರೆ, ಹುಡುಗರು ಬರ್ಕೊಳ್ತಾರೆ. ಸ ಆದ್ಮೇಲೆ ಅಲ್ಪವಿರಾಮ, ಮೇಲೆ ಒಂದು ಗೆರೆ, ತಾರಸ್ಥಾಯಿಗೆ ಮೇಲೆ ಚುಕ್ಕಿ, ಮಂದ್ರಕ್ಕೆ ಕೆಳಗೆ ಚುಕ್ಕಿ. ಇದಕ್ಕೆ ಪುಸ್ತಕ ಅಂತ ಅನ್ನದೆ ಇನ್ನೇನಂತೀರಿ?

ಅಂದ್ರೆ ಪುಸ್ತಕ ಇದೆ. ಅಚ್ಚಾಗಿಲ್ಲ, ಅಷ್ಟೇ. ಒಬ್ಬರ ಕೈಯಲ್ಲಿರೋ ತನಕ ಅದು ವಿದ್ಯೆ, ಅಂಗಡೀಲಿ ನೂರು ರೂಪಾಯಿಗೆ ಸಿಕ್ಕಿದ್ರೆ ಅದರಿಂದ ಏನೂ ಬರಲ್ಲ. ಇದ್ಯಾವ ನ್ಯಾಯ ಮಾರಾಯ್ರೇ? ನಾನು ಹೋಗ್ತಿದ್ದ ಪಾಠದ ಕಡೆ ನೋಟ್‌ಬುಕ್ ಜೆರಾಕ್ಸ್ ಮಾಡಿಸೋ ಹಾಗಿರಲಿಲ್ಲ. ಕೈಯಲ್ಲೇ ಬರೀಬೇಕು, ಆಗ ತಲೇಲಿ ಕೂರುತ್ತೆ ಅನ್ನೋರು. ಒಪ್ಕೋತೀನಿ, ಬರೆದ್ರೆ ಕೂರುತ್ತೆ. ಆದ್ರೆ ಒಂದು ವಾರ ಜ್ವರ ಬಂದು ಮಲಗಿದ್ದ ಹುಡುಗನಿಗೆ ಆ ವಾರದ ವರ್ಣ ಹೋಯ್ತು ಅಂದ್ರೆ ಹೋಯ್ತು.

ಇದು ಇವತ್ತಿನ ರೋಗ ಅಲ್ಲ. ಉತ್ತರದಲ್ಲಿ ವಿಷ್ಣು ನಾರಾಯಣ ಭಾತಖಂಡೆ (1860–1936) ಊರೂರು ತಿರುಗಿ, ಮನೆತನಗಳ ಒಳಗೇ ಉಳಿದಿದ್ದ ಬಂದಿಶ್‌ಗಳನ್ನ ಸ್ವರ ಹಾಕಿ 'ಕ್ರಮಿಕ ಪುಸ್ತಕ ಮಾಲಿಕೆ' ಅಂತ ಆರು ಭಾಗಗಳಲ್ಲಿ ಅಚ್ಚು ಹಾಕಿಸಿದಾಗ್ಲೂ, ಸತ್ತ ಸಂಗೀತಾನ ಕಾಗದದ ಮೇಲೆ ಇಟ್ಟಿದ್ದಾರೆ ಅಂತ ಬೈದೋರು ಇದ್ರು. ಇವತ್ತು ಹಿಂದೂಸ್ತಾನಿ ಕಲಿಸೋ ಕಾಲೇಜುಗಳ ಕಪಾಟಲ್ಲಿ ಆ ಪುಸ್ತಕಗಳಿವೆ. ಬೈದೋರ ಹೆಸರು ಯಾರಿಗೂ ಗೊತ್ತಿಲ್ಲ.

ಭಾಗ 3

ಈಗ ನಮ್ಮೂರಿನ ವಿಷಯ. ಇದನ್ನ ಓದಿದ ದಿನ ನನಗೆ ನಿದ್ದೆ ಬರಲಿಲ್ಲ, ಅತಿಶಯೋಕ್ತಿ ಅಲ್ಲ.

ಪುಂಡರೀಕ ವಿಠಲ. ಹೆಸರು ಕೇಳಿದ್ದೀರಾ? 16ನೇ ಶತಮಾನದವನು. ಶಿವಗಂಗೆ ಬೆಟ್ಟದ ಹತ್ತಿರದ ಸಾತನೂರಿನವನು. (ಕನಕಪುರದ ಫ್ರೆಂಡ್ಸ್, ಕೈ ಎತ್ತಬೇಡಿ, ಸಾತನೂರು ಅಂದ ತಕ್ಷಣ ನಿಮ್ಮದೇ ಅಲ್ಲ. ಇದು ಶಿವಗಂಗೆ ಸೀಮೆದು, ಮಾಗಡಿ ಕಡೆಯವರು ಎದೆ ಉಬ್ಬಿಸಬಹುದು.) ಇಲ್ಲಿಂದ ಹೊರಟು ಖಾಂದೇಶದ ಬುರ್ಹಾನ್ ಖಾನನ ಆಸ್ಥಾನಕ್ಕೆ ಹೋದ. ಅಲ್ಲಿ 'ಸದ್ರಾಗಚಂದ್ರೋದಯ' ಬರೆದ. ಆಮೇಲೆ 'ರಾಗಮಾಲಾ', 'ರಾಗಮಂಜರಿ'. ಕೊನೆಗೆ ಅಕ್ಬರನ ಕಾಲದಲ್ಲಿ 'ನರ್ತನನಿರ್ಣಯ'. ಎಲ್ಲಾ ಸಂಸ್ಕೃತದಲ್ಲಿ. ದಕ್ಷಿಣದ ಸಂಗೀತ ಗೊತ್ತಿದ್ದ ಒಬ್ಬ ಮನುಷ್ಯ ಉತ್ತರದ ರಾಗಗಳನ್ನ ಕೇಳಿ, ಹೋಲಿಸಿ, ವಿಂಗಡಿಸಿ ಬರೆದಿಟ್ಟ.

ಅವನು ಬರೀದೇ ಇದ್ದಿದ್ರೆ? ಶಿವಗಂಗೆ ಕಡೆಯಿಂದ ಒಬ್ಬ ಉತ್ತರಕ್ಕೆ ಹೋದ ಅನ್ನೋದೇ ಯಾರಿಗೂ ತಿಳೀತಿರಲಿಲ್ಲ. ಹಿಂದಿನ ಪೋಸ್ಟಲ್ಲಿ ಹೇಳಿದ ಅದೇ ಭಾತಖಂಡೆ ಮುನ್ನೂರು ಚಿಲ್ಲರೆ ವರ್ಷ ಆದ್ಮೇಲೆ ಇವನ ಗ್ರಂಥಗಳನ್ನ ಹುಡುಕಿ ಅಚ್ಚು ಹಾಕಿಸಿದ್ರು. ನರ್ತನನಿರ್ಣಯವನ್ನ ಮೈಸೂರಿನ ರಾ. ಸತ್ಯನಾರಾಯಣ ಅವರು ಇಂಗ್ಲಿಷ್ ಅನುವಾದ, ವಿವರಣೆ ಸಮೇತ ಮೂರು ಸಂಪುಟಗಳಲ್ಲಿ ಸಂಪಾದಿಸಿದ್ರು. ಅಂದ್ರೆ ಮಾಗಡಿ ಕಡೆಯವನ ದನಿ ನಮ್ಮ ತನಕ ಬಂದದ್ದು ಪುಸ್ತಕದಿಂದ, ಪುಸ್ತಕದಿಂದ ಮಾತ್ರ. ಗುರುಮುಖ ಅವನ ಕಾಲಕ್ಕೇ ಮುಗೀತು.

ನರ್ತನನಿರ್ಣಯದಲ್ಲಿ ಒಂದು ಸಂಗತಿ ನೆನಪಲ್ಲಿ ಇಟ್ಕೊಳ್ಳಿ, ಎಂಟನೇ ಭಾಗದಲ್ಲಿ ಬೇಕಾಗುತ್ತೆ. ಅದರಲ್ಲಿ ನಾಲ್ಕು ಪ್ರಕರಣ. ಮೊದಲನೇದು ತಾಳ ಹಿಡಿಯೋನದು. ಎರಡನೇದು ಮೃದಂಗ ಬಾರಿಸೋನದು. ಹಾಡುಗಾರ ಬರೋದು ಮೂರನೇದರಲ್ಲಿ, ನರ್ತಕ ಕೊನೇಲಿ. ಪುಸ್ತಕದ ಹೆಸರೇ ನೃತ್ಯದ್ದು, ಆದ್ರೂ ಮೊದಲ ಮಣೆ ತಾಳದವನಿಗೆ.

ಭಾಗ 4

ಚನ್ನಪಟ್ಟಣದವರು ಬೇಜಾರು ಮಾಡ್ಕೋಬೇಡಿ, ನಿಮಗೆ ಇನ್ನೂ ದೊಡ್ಡದೇ ಇದೆ.

ಅಬ್ಬೂರು. ಅಲ್ಲಿ ಬ್ರಹ್ಮಣ್ಯತೀರ್ಥರ ಬೃಂದಾವನ. ಅವರ ಶಿಷ್ಯರು ವ್ಯಾಸರಾಯರು. ವ್ಯಾಸರಾಯರ ಶಿಷ್ಯರು ಪುರಂದರದಾಸರು. ಮೈಸೂರು ರಸ್ತೇಲಿ ಚನ್ನಪಟ್ಟಣ ದಾಟಿದ ಕೂಡಲೆ ಸಿಗೋ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನನ್ನ ನೋಡಿ ದಾಸರು 'ಜಗದೋದ್ಧಾರನ' ಹಾಡಿದ್ರು ಅಂತ ನಮ್ಮ ಕಡೆ ಹೇಳ್ಕೊಂಡು ಬಂದಿದ್ದಾರೆ. ಮಗು ಆಗ್ಲಿ ಅಂತ ಹರಕೆ ಹೊತ್ತೋರು ಅಲ್ಲಿಗೆ ತೊಟ್ಟಿಲು ತರೋದನ್ನ ನೀವೆಲ್ಲ ನೋಡಿದ್ದೀರಿ.

ಪುರಂದರದಾಸರನ್ನ ಕರ್ನಾಟಕ ಸಂಗೀತ ಪಿತಾಮಹ ಅನ್ನೋದು ಅವರ ಹಾಡಿನ ಲೆಕ್ಕಕ್ಕಲ್ಲ. ಪಾಠದ ಕ್ರಮಕ್ಕೆ. ಮಾಯಾಮಾಳವಗೌಳದಲ್ಲಿ ಸರಳೆ, ಆಮೇಲೆ ಜಂಟಿ, ದಾಟು, ಏಳು ತಾಳದ ಅಲಂಕಾರ, ಆಮೇಲೆ ಮಲಹರಿಯ ಪಿಳ್ಳಾರಿ ಗೀತೆ. ಈ ಮೆಟ್ಟಿಲು ಕಟ್ಟಿದೋರು ಅವರೇ ಅಂತ ಸಂಪ್ರದಾಯ. ಚೆನ್ನೈಯಲ್ಲಿ ಕಲೀರಿ, ತಿರುವನಂತಪುರದಲ್ಲಿ ಕಲೀರಿ, ಅಮೆರಿಕದಲ್ಲಿ ಯಾರದೋ ಮನೆ ಬೇಸ್‌ಮೆಂಟಲ್ಲಿ ಕಲೀರಿ, ಮೊದಲ ದಿನ ಬಾಯಿಗೆ ಬರೋದು ಇದೇ ಸರಳೆ.

ಯೋಚನೆ ಮಾಡಿ, ಸುಲಭದಿಂದ ಕಷ್ಟಕ್ಕೆ, ಒಂದು ಬಂದ ಮೇಲೆ ಇನ್ನೊಂದು. ಬರೀ ಹಾಡು ಬರೆಯೋರು ಹೀಗೆ ಯೋಚನೆ ಮಾಡಲ್ಲ, ಪಠ್ಯ ಬರೆಯೋರು ಮಾಡ್ತಾರೆ. ಕಾಗದ ಇಲ್ಲದಿದ್ರೂ ಅದು ಪಠ್ಯಪುಸ್ತಕಾನೇ. ಮುಂದೆ ಮೈಸೂರಿನಲ್ಲಿ ಸಂಗೀತ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ವಿ. ರಾಮರತ್ನಂ ಅವರು 'ಸಂಗೀತ ದರ್ಪಣ', 'ಅಭ್ಯಾಸ ಮಂಜರಿ' ಥರದ ಪುಸ್ತಕ ಬರೆದದ್ದು ಇದೇ ಮೆಟ್ಟಿಲಿನ ಮೇಲೆ. ಮೈಸೂರು ವಾಸುದೇವಾಚಾರ್ಯರು ತಮ್ಮ ಕೃತಿಗಳನ್ನ ಸ್ವರ ಸಮೇತ ಅಚ್ಚು ಹಾಕಿಸಿದ್ರು, ಜೊತೆಗೆ 'ನಾ ಕಂಡ ಕಲಾವಿದರು' ಅಂತ ಕನ್ನಡದಲ್ಲಿ ಬರೆದ್ರು. ಸಂಗೀತ ಬರ್ದೇ ಇರೋರೂ ಅದನ್ನ ಕಥೆ ಥರ ಓದಬಹುದು, ಓದಿ. ದೊಡ್ಡ ವಿದ್ವಾಂಸರೇ ಪುಸ್ತಕಕ್ಕೆ ನಾಚ್ಕೊಂಡಿಲ್ಲ. ನಾಚ್ಕೊಳ್ಳೋದು ಯಾರು ಅಂತ ನೋಡಿ.

ಭಾಗ 5

ಸರಿ, ಈಗ ಗಮಕ. ಐದನೇ ಭಾಗಕ್ಕೆ ಕಾಯಿರಿ ಅಂದಿದ್ನಲ್ಲ.

ಪುಸ್ತಕದ ವಿರುದ್ಧ ಇರೋ ಒಂದೇ ಒಂದು ಗಟ್ಟಿ ಮಾತು ಇದು, ಮತ್ತೆ ಅದು ನಿಜ. ತೋಡಿಯ ಗಾಂಧಾರಾನ ಪುಸ್ತಕದಲ್ಲಿ "ಗ" ಅಂತ ಬರೀತಾರೆ. ಹಾಡುವಾಗ ಅದು ಒಂದು ಕಡೆ ನಿಲ್ಲೋದೇ ಇಲ್ಲ, ತೂಗುತ್ತೆ. ಆ ತೂಗಾಟ ಕಾಗದದ ಮೇಲಿಲ್ಲ. ಅಕ್ಷರ ಮಾತ್ರ ನೋಡ್ಕೊಂಡು ಹಾಡಿದ್ರೆ ಹಾರ್ಮೋನಿಯಂ ಮನೆ ಒತ್ತಿದ ಹಾಗಿರುತ್ತೆ, ತೋಡಿ ಇರಲ್ಲ.

ಇದಕ್ಕೆ ಉತ್ತರ ಹುಡುಕಿದೋರು ಇದ್ದಾರೆ. 1904ರಲ್ಲಿ ಎಟ್ಟಯಾಪುರದಲ್ಲಿ ಸುಬ್ಬರಾಮ ದೀಕ್ಷಿತರು 'ಸಂಗೀತ ಸಂಪ್ರದಾಯ ಪ್ರದರ್ಶಿನಿ' ಅಚ್ಚು ಹಾಕಿಸಿದ್ರು, ತೆಲುಗು ಲಿಪೀಲಿ. ಅದರಲ್ಲಿ ಒಂದೊಂದು ಗಮಕಕ್ಕೂ ಒಂದೊಂದು ಗುರುತು. ಸ್ವರದ ತಲೆ ಮೇಲೆ ಅಲೆ ಥರ, ಕೊಕ್ಕೆ ಥರ ಚಿಹ್ನೆಗಳು. ಮುತ್ತುಸ್ವಾಮಿ ದೀಕ್ಷಿತರ ಮನೆತನದವರೇ, ಮನೆಯ ಆಸ್ತಿ ಅಂತ ಪೆಟ್ಟಿಗೇಲಿ ಇಡಬಹುದಿತ್ತು, ಇಡಲಿಲ್ಲ. ಇವತ್ತು ದೊಡ್ಡ ದೊಡ್ಡ ವಿದ್ವಾಂಸರು "ಈ ಕೃತಿಯ ಮೂಲ ಪಾಠ ಯಾವುದು" ಅಂತ ಜಗಳ ಬಂದಾಗ ತೆಗೆದು ನೋಡೋದು ಯಾವ ಗುರುವಿನ ಮುಖಾನೂ ಅಲ್ಲ, ಆ ಪುಸ್ತಕಾನ.

ಆದ್ರೂ ಎಲ್ಲಾ ಬರೆಯೋಕೆ ಆಗಲ್ಲ. ಸರಿ. ಅಡುಗೆ ಪುಸ್ತಕದಲ್ಲಿ "ಹದವಾಗಿ ಹುರಿಯಿರಿ" ಅಂತಿರುತ್ತೆ, ಹದ ಪುಸ್ತಕದಲ್ಲಿ ಇರುತ್ತಾ? ಹಾಗಂತ ಅಡುಗೆ ಪುಸ್ತಕ ಸುಡ್ತೀವಾ? ಹದಕ್ಕೆ ಒಲೆ ಮುಂದೆ ನಿಂತ್ಕೊಂಡಿರೋ ಅಮ್ಮ ಬೇಕು, ಅಳತೆಗೆ ಪುಸ್ತಕ ಸಾಕು.

ಮತ್ತೆ ಒಂದು. 1904ರಲ್ಲಿ ಪುಸ್ತಕ ಓದೋನಿಗೆ ತೋಡಿ ಕೇಳೋಕೆ ದಾರಿ ಇರಲಿಲ್ಲ. ನಿಮಗಿದೆ. ಜೇಬಲ್ಲಿ ತಂಬೂರಿ ಆಪ್ ಇದೆ, ನೂರು ಜನ ಹಾಡಿರೋ ತೋಡಿ ಇದೆ. ಪುಸ್ತಕದ ಕೊರತೆ ತುಂಬೋ ಸಾಮಾನು ಕೈಗೆ ಬಂದ ಕಾಲದಲ್ಲೇ ಪುಸ್ತಕ ಕೆಲಸಕ್ಕೆ ಬರಲ್ಲ ಅನ್ನೋದು ಎಂಥ ತಮಾಷೆ! ಗುರುಗಳ ಹತ್ರ ತಿಂಗಳಿಗೊಂದು ಸಲ ಹೋಗಿ ತಪ್ಪು ತಿದ್ದಿಸ್ಕೊಂಡು ಬರೋ ಹುಡುಗಿಗೆ ಉಳಿದ ಇಪ್ಪತ್ತೊಂಬತ್ತು ದಿನ ಪುಸ್ತಕಾನೇ ಗುರು.

ಭಾಗ 6

ರೀಲ್ಸ್ ಭಕ್ತರಿಗೆ ಚಿಕ್ಕದಾಗಿ.

"30 ದಿನದಲ್ಲಿ ಹಾಡುಗಾರರಾಗಿ" ವಿಡಿಯೋ ನಾನೂ ನೋಡಿದ್ದೀನಿ. ಮೊದಲನೇ ದಿನ ಸರಳೆ, ನಾಲ್ಕನೇ ದಿನ ಸಿನಿಮಾ ಹಾಡು, ಏಳನೇ ದಿನ "ಪೂರ್ತಿ ಕೋರ್ಸಿಗೆ ಲಿಂಕ್". ಜಂಟಿ ಎಲ್ಲಿ? ಅಲಂಕಾರ ಎಲ್ಲಿ? ಕ್ರಮ ಇಲ್ಲ. ನಿಮಗೆ ಮುಂದೆ ಏನು ಬರಬೇಕು ಅಂತ ತೀರ್ಮಾನ ಮಾಡೋದು ನಿಮ್ಮ ಗಂಟಲಲ್ಲ, ಆಪ್. ಪುಸ್ತಕಕ್ಕೆ ಹನ್ನೆರಡನೇ ಪುಟ ಆದ್ಮೇಲೆ ಹದಿಮೂರನೇ ಪುಟ. ಪೆನ್ಸಿಲಲ್ಲಿ ಗೀಚಬಹುದು, ಬಿಟ್ಟು ಆರು ತಿಂಗಳಾದ್ಮೇಲೆ ತೆಗೆದ್ರೂ ಅಲ್ಲೇ ಇರುತ್ತೆ, ಮಧ್ಯದಲ್ಲಿ ಪ್ಯಾಂಟಿನ ಜಾಹೀರಾತು ಬರಲ್ಲ. ಕೇಳೋಕೆ ವಿಡಿಯೋ ಬಳಸಿ, ಕಲಿಯೋ ದಾರಿಗೆ ಪುಸ್ತಕ ಇಟ್ಕೊಳ್ಳಿ. ಇಷ್ಟೇ. ನಾನೂ ಇದನ್ನ ಇಲ್ಲೇ ಹಾಕ್ತಾ ಇದ್ದೀನಿ ಅಂತ ನಗಬೇಡಿ, ನೀವು ಸಿಗೋದು ಇಲ್ಲೇ ತಾನೆ.

ಭಾಗ 7

ಹಾಗಂತ ಇರೋ ಪುಸ್ತಕಗಳನ್ನೆಲ್ಲ ತಲೆ ಮೇಲೆ ಹೊತ್ಕೊಳ್ಳೋಕೆ ನಾನು ತಯಾರಿಲ್ಲ.

ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿಗೆ ಕನ್ನಡದಲ್ಲಿ ಸರ್ಕಾರದ ಪಠ್ಯಪುಸ್ತಕ ಇದೆ. ಕರ್ನಾಟಕ ಸಂಗೀತ, ಹಿಂದೂಸ್ತಾನಿ, ತಾಳವಾದ್ಯ, ನೃತ್ಯ. ಎಷ್ಟು ಜನರಿಗೆ ಗೊತ್ತು? ಇರೋದೇ ದೊಡ್ಡ ವಿಷಯ, ಇದಕ್ಕೆ ಪೂರ್ತಿ ಮರ್ಯಾದೆ. ಆದ್ರೆ ಪರೀಕ್ಷೆಯ ನೆರಳಲ್ಲಿ ಅಂಗಡಿಗಳಲ್ಲಿ ಬೆಳೆದಿರೋ ಗೈಡುಗಳನ್ನ ತೆಗೆದು ನೋಡಿ. "ನಾದ ಎಂದರೇನು? ಎರಡು ಅಂಕ." "ಶ್ರುತಿ ಎಂದರೇನು? ಎರಡು ಅಂಕ." ಉತ್ತರ ಬಾಯಿಪಾಠ ಮಾಡಿ ಬರೆದು ಪಾಸಾದ ಹುಡುಗನಿಗೆ ತಂಬೂರಿ ಹಾಕಿ ಶ್ರುತಿ ಸೇರಿಸು ಅಂದ್ರೆ ಸುತ್ತಮುತ್ತ ನೋಡ್ತಾನೆ. ಸ್ವರಲಿಪಿ ಅಚ್ಚಾಗುವಾಗ ಅಲ್ಪವಿರಾಮ ಹಾರಿಹೋಗಿರುತ್ತೆ, ಆದಿತಾಳಕ್ಕೆ ಎಂಟು ಅಕ್ಷರ ಬರಬೇಕಾದ ಕಡೆ ಏಳೂವರೆ ಬಂದಿರುತ್ತೆ. ಕಲಿಯೋ ಮಗು ತನ್ನದೇ ತಪ್ಪು ಅನ್ಕೊಳ್ಳುತ್ತೆ. ಇದು ಸಣ್ಣ ವಿಷಯ ಅಲ್ಲ ಕಣ್ರೀ. ಗಣಿತದ ಪುಸ್ತಕದಲ್ಲಿ ಇಂಥ ತಪ್ಪಾಗಿದ್ರೆ ಪೇಪರಲ್ಲಿ ಬರ್ತಿತ್ತು.

ಮತ್ತೆ ಆ ಭಾಷೆ! "ಶ್ರೋತೃಗಳ ಚಿತ್ತವನ್ನು ರಂಜಿಸತಕ್ಕ ಸ್ವರವಿಶೇಷ ಸಮೂಹವೇ" ಅನ್ನೋ ಧಾಟೀಲಿ ರಾಗದ ವಿವರಣೆ ಶುರುವಾದ್ರೆ, ಎಂಟನೇ ಕ್ಲಾಸಿನ ಮಗು ಯಾಕೆ ಕೂರಬೇಕು? ಮೋಹನ ರಾಗಕ್ಕೆ ಐದು ಸ್ವರ, ಮ ಮತ್ತು ನಿ ಇಲ್ಲ, ಎರಡು ಬಿಟ್ಟಿದ್ರಿಂದ ಬರೋ ಜಾಗ ಹೇಗೆ ಕೇಳುತ್ತೆ, ಒಂದು ಸಲ ಹಾಡಿ ನೋಡು ಅಂತ ಬರೆದ್ರೆ ಶಾಸ್ತ್ರಕ್ಕೆ ಮೈಲಿಗೆ ಆಗುತ್ತಾ?

ಇನ್ನು ಕಲಿಸೋರಿಗೆ ಪುಸ್ತಕ. ನಾನು ಓದಿದ ಸ್ಕೂಲಲ್ಲಿ ಸಂಗೀತಕ್ಕೆ ಮೇಷ್ಟ್ರೇ ಇರಲಿಲ್ಲ, ಸ್ವಾತಂತ್ರ್ಯ ದಿನಾಚರಣೆ ಹತ್ರ ಬಂದ್ರೆ ಕನ್ನಡ ಮೇಡಮ್ಮೇ ನಾಡಗೀತೆ ಕಲಿಸೋರು. ನಲವತ್ತು ಮಕ್ಕಳು, ನಲವತ್ತು ಶ್ರುತಿ. ಆ ಮೇಡಮ್ಮಿಗೆ ಯಾರಾದ್ರೂ ಒಂದು ಮೂವತ್ತು ಪುಟದ ಪುಸ್ತಕ ಕೊಟ್ಟು, ಇಷ್ಟು ಮಕ್ಕಳಿಗೆ ಒಟ್ಟಿಗೆ ಹೀಗೆ ಶ್ರುತಿ ಹಿಡಿಸಿ, ಹೀಗೆ ತಾಳ ಹಾಕಿಸಿ ಅಂತ ಹೇಳಿದ್ರೆ? ಅವರಿಗೆ ಆಸೆ ಇತ್ತು, ದನಿಯೂ ಇತ್ತು. ಕೈಯಲ್ಲಿ ಏನೂ ಇರಲಿಲ್ಲ.

ಭಾಗ 8

ಇದು ಈ ಸರಣೀಲಿ ನನಗೆ ಮುಖ್ಯವಾದ ಭಾಗ.

ತಾಳವಾದ್ಯದ ಪರೀಕ್ಷೆ ಅಂದ್ರೆ ಮೃದಂಗ, ತಬಲ. ತಮಟೆ ಇಲ್ಲ. ನಮ್ಮ ತಾಲ್ಲೂಕುಗಳಲ್ಲಿ ಯಾವ ಊರಹಬ್ಬಾನಾದ್ರೂ ತಮಟೆ ಇಲ್ಲದೆ ಆಗುತ್ತಾ? ಪೂಜಾ ಕುಣಿತ, ಪಟದ ಕುಣಿತ, ಸೋಮನ ಕುಣಿತ, ಕೊಂಡ ಹಾಯೋದು, ಯಾವುದಾದ್ರೂ? ಹುಲ್ಲು ಉರಿಸಿ ಚರ್ಮ ಕಾಯಿಸಿ, ಬೆರಳಲ್ಲಿ ತಟ್ಟಿ ದನಿ ನೋಡಿ, ಕುಣಿಯೋರ ಹೆಜ್ಜೆ ನೋಡ್ಕೊಂಡು ಹೊಡೆತ ಬದಲಾಯಿಸ್ತಾರಲ್ಲ, ಅದು ಲಯ ಅಲ್ವಾ? ಮೃದಂಗದ ಹುಡುಗನಿಗೆ "ತ ಧಿ ತೊಂ ನಂ" ಅಂತ ಮೊದಲ ಪಾಠ ಅಚ್ಚಾಗಿ ಸಿಗುತ್ತೆ. ತಮಟೆ ಹುಡುಗನಿಗೆ ಅಪ್ಪನ ಬೆನ್ನ ಹಿಂದೆ ನಿಂತು ಕದ್ದು ಕಲಿಯೋದು ಮಾತ್ರ ಸಿಗುತ್ತೆ. ಯಾಕೆ ಅಂತ ಎಲ್ಲರಿಗೂ ಗೊತ್ತು. ತಮಟೆ ಹಿಡಿಯೋದು ಯಾವ ಕೇರಿಯವರು ಅಂತಾನೂ ಎಲ್ಲರಿಗೂ ಗೊತ್ತು. ಬಾಯಿ ಬಿಟ್ಟು ಹೇಳಲ್ಲ, ಅಷ್ಟೇ.

2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ ತಮಟೆಗಾಗಿ ಪದ್ಮಶ್ರೀ ಬಂತು. ಎಲ್ಲರೂ ಸ್ಟೇಟಸ್ ಹಾಕಿದ್ರಿ. ಪದ್ಮಶ್ರೀ ಬರೋ ವಿದ್ಯೆಗೆ ಜೂನಿಯರ್ ಗ್ರೇಡ್ ಪಠ್ಯ ಬೇಡ್ವಾ?

ಮೂರನೇ ಭಾಗದ ಪುಂಡರೀಕ ವಿಠಲನನ್ನ ನೆನಪು ಮಾಡ್ಕೊಳ್ಳಿ. ಹೆಚ್ಚುಕಮ್ಮಿ 450 ವರ್ಷದ ಹಿಂದೆ ಆ ಮನುಷ್ಯ ಹಾಡುಗಾರನಿಗಿಂತ ಮೊದಲು ತಾಳದವನಿಗೆ, ಮದ್ದಳೆಯವನಿಗೆ ಪ್ರಕರಣ ಕೊಟ್ಟ.

ನಮ್ಮ ಊರಲ್ಲೇ ಜಾನಪದ ಲೋಕ ಇದೆ. ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದವರು, ಹಳ್ಳಿ ಹಳ್ಳಿ ತಿರುಗಿ ಪದಗಳನ್ನ ಟೇಪ್ ಮಾಡ್ಕೊಂಡು ಬಂದ್ರು. 1979ರಲ್ಲಿ ಜಾನಪದ ಪರಿಷತ್ತು, 1994ರಲ್ಲಿ ಜಾನಪದ ಲೋಕ. ನಾವು ಅಲ್ಲಿಗೆ ಹೋಗೋದು ಯಾಕೆ? ಸ್ಕೂಲ್ ಟ್ರಿಪ್ಪಿಗೆ, ಆಮೇಲೆ ಪ್ರೀ-ವೆಡ್ಡಿಂಗ್ ಫೋಟೋ ತೆಗೆಸೋಕೆ ಜಾಗ ಚೆನ್ನಾಗಿದ್ಯಾ ಅಂತ ನೋಡೋಕೆ.

ಕನ್ನಡದ ಜನಪದ ಗೀತೆಗಳ ಸಂಗ್ರಹಗಳು ಬೇಕಾದಷ್ಟಿವೆ. ಹಲಸಂಗಿ ಗೆಳೆಯರ 'ಗರತಿಯ ಹಾಡು' 1931ರದ್ದು. ಪುಣ್ಯದ ಕೆಲಸ. ಆದ್ರೆ ಈ ಥರದ ಪುಸ್ತಕ ತೆಗೆದ್ರೆ ಸಾಮಾನ್ಯವಾಗಿ ಸಾಲುಗಳಿರುತ್ತೆ, ಮಟ್ಟು ಇರಲ್ಲ. ಹಾಡನ್ನ ಕವಿತೆ ಅಂತ ಅಚ್ಚು ಹಾಕಿದ್ವಿ, ಹಾಡು ಅಂತ ಹಾಕಲಿಲ್ಲ. ಕನ್ನಡ ಎಂಎ ಮಾಡೋರು ಅದರ ಮೇಲೆ ಪ್ರಬಂಧ ಬರೀಬಹುದು, ಹಾಡೋಕೆ ಆಗಲ್ಲ. ಹಾಡ್ತಿದ್ದ ಅಜ್ಜಿ ಹೋದ್ರೆ ಮಟ್ಟೂ ಹೋಯ್ತು.

ಹಂಗೇರಿಯಲ್ಲಿ ಬೇಲಾ ಬಾರ್ತೋಕ್, ಜೊಲ್ತಾನ್ ಕೊಡಾಯ್ ಅಂತ ಇಬ್ಬರು. 20ನೇ ಶತಮಾನದ ಶುರುವಲ್ಲಿ ಫೋನೋಗ್ರಾಫ್ ಹೊತ್ಕೊಂಡು ರೈತರ ಮನೆಗಳಿಗೆ ಹೋಗಿ ಹಾಡು ಹಿಡಿದು, ಮಟ್ಟನ್ನ ಒಂದೊಂದು ಸ್ವರವಾಗಿ ಬರ್ಕೊಂಡ್ರು. ಅಲ್ಲಿಗೆ ನಿಲ್ಲಿಸಲಿಲ್ಲ. ಆ ಮಟ್ಟುಗಳನ್ನ ಇಟ್ಕೊಂಡು ಬಾರ್ತೋಕ್ ಮಕ್ಕಳಿಗೆ ಪಿಯಾನೋ ಪುಸ್ತಕ ಬರೆದ. ಆಮೇಲೆ 'ಮೈಕ್ರೋಕಾಸ್ಮೋಸ್' ಅಂತ ಆರು ಭಾಗ, 153 ಪಾಠ, ಮೊದಲನೇದು ಏನೂ ಬರದ ಮಗುವಿಗೆ, ಕೊನೇದು ಕಛೇರಿ ಮಾಡೋರಿಗೆ. ಕೊಡಾಯ್ ಅದೇ ಹಳ್ಳಿ ಹಾಡುಗಳನ್ನ ಶಾಲೆಯ ಸಂಗೀತ ಪಾಠ ಮಾಡಿದ. ರೈತ ಹೆಂಗಸಿನ ಹಾಡು ಇವತ್ತು ಟೋಕಿಯೋದಲ್ಲಿ ಪಿಯಾನೋ ಕಲಿಯೋ ಮಗುವಿನ ಬೆರಳಲ್ಲಿದೆ.

ಶಿವರಾತ್ರಿ ಹೊತ್ತಿಗೆ ಕನಕಪುರದ ಕಡೆಯಿಂದ ಕಾವೇರಿ ದಾಟಿ ಮಾದಪ್ಪನ ಬೆಟ್ಟಕ್ಕೆ ನಡ್ಕೊಂಡು ಹೋಗೋರ ಜೊತೆ ಒಂದು ರಾತ್ರಿ ಕೂತು ನೋಡಿ. ಕಂಸಾಳೆ ಏಟು ಎಷ್ಟಕ್ಕೆ ತಿರುಗುತ್ತೆ ಅಂತ ಬೆರಳಲ್ಲಿ ಎಣಿಸಿ. ಬರ್ಕೊಳ್ಳೋಕೆ ಲಿಪಿ ಬೇಕಾ? ಇದೆ. ಲಘು, ದ್ರುತ, ಅನುದ್ರುತ, ಅಲ್ಪವಿರಾಮ, ಗೆರೆ. ಜೂನಿಯರ್ ಪುಸ್ತಕದ ಮೊದಲ ಹತ್ತು ಪುಟದಲ್ಲಿ ಸಿಗುತ್ತೆ. ಬ್ರಾಹ್ಮಣರ ಮನೆಯ ವರ್ಣಕ್ಕೆ ಆಗೋ ಲಿಪಿ ಹೊಲಗೇರಿಯ ತಮಟೆಗೂ ಆಗುತ್ತೆ. ಲಿಪಿಗೆ ಜಾತಿ ಇಲ್ಲ, ಅಚ್ಚು ಹಾಕೋರಿಗೆ ಇದೆ.

ಭಾಗ 9

ಬರೆದಿಡದೆ ಇದ್ರೆ ಏನಾಗುತ್ತೆ ಅಂತ ಕೇಳಿದ್ರೆ ಚನ್ನಪಟ್ಟಣ ತೋರಿಸ್ತೀನಿ.

ಇವತ್ತು ಚನ್ನಪಟ್ಟಣ ಅಂದ್ರೆ ಬೊಂಬೆ. ಆದ್ರೆ ಟಿಪ್ಪು ಸತ್ತ ಮರುವರ್ಷ, 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಅನ್ನೋ ಕಂಪನಿ ವೈದ್ಯ ಈ ದಾರೀಲಿ ಬಂದ. ಅವನ ಪ್ರವಾಸದ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಬಂತು. ಅದರಲ್ಲಿ ಚನ್ನಪಟ್ಟಣದಲ್ಲಿ ಸಂಗೀತ ವಾದ್ಯಗಳಿಗೆ ಉಕ್ಕಿನ ತಂತಿ ಮಾಡ್ತಾರೆ, ಅದಕ್ಕೆ ದೊಡ್ಡ ಹೆಸರು, ದೂರದ ಸೀಮೆಗಳಿಗೂ ಹೋಗುತ್ತೆ ಅಂತ ಬರೆದಿದ್ದಾನೆ. ಎಲ್ಲೋ ದೂರದ ಊರಲ್ಲಿ ಯಾರೋ ಮೀಟಿದ ತಂತಿ ನಮ್ಮ ಚನ್ನಪಟ್ಟಣದ್ದು!

ಆ ತಂತಿ ಎಳೆದೋರ ಹೆಸರೇನು? ಉಕ್ಕನ್ನ ಎಷ್ಟು ಕಾಯಿಸ್ತಿದ್ರು, ಎಷ್ಟು ಸಲ ಎಳೀತಿದ್ರು, ಸಾರಣಿಗೆ ಯಾವ ಗಾತ್ರ, ಮಂದ್ರಕ್ಕೆ ಯಾವುದು? ಅವರಿಗೆಲ್ಲ ಗೊತ್ತಿತ್ತು, ಕೈಯಲ್ಲಿತ್ತು. ಕೈ ಮಣ್ಣಾಯ್ತು. ನಮಗೆ ಉಳಿದದ್ದು ದಾರೀಲಿ ಹೋಗ್ತಿದ್ದ ಪರದೇಶಿಯೊಬ್ಬ ಗೀಚಿದ ಕೆಲವು ಸಾಲು. ಅದೂ ಪುಸ್ತಕದಲ್ಲಿ ಇದ್ದದ್ದಕ್ಕೆ ಉಳೀತು. ತಂತಿ ಮಾಡೋರ ಊರಲ್ಲಿ ಹುಟ್ಟಿ ನೀವು ಗಿಟಾರಿಗೆ ತಂತಿ ಆನ್‌ಲೈನಲ್ಲಿ ತರಿಸ್ತೀರಿ.

ವಾದ್ಯ ಮಾಡೋರ ಬಗ್ಗೆ ಪುಸ್ತಕ ಬರೆದ್ರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. ಟಿ.ಎಂ. ಕೃಷ್ಣ 2020ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ಅಂತ ಇಂಗ್ಲಿಷಲ್ಲಿ ಬರೆದ್ರು. ಮೃದಂಗ ಮಾಡೋ ಮನೆತನಗಳ ಚರಿತ್ರೆ, ಬಹಳ ಮಂದಿ ದಲಿತ ಕ್ರೈಸ್ತರು. ಚರ್ಮ ಎಲ್ಲಿಂದ ಬರುತ್ತೆ, ಯಾರು ಮುಟ್ತಾರೆ, ಯಾರು ಮುಟ್ಟಿದ್ದನ್ನ ಯಾರು ದೇವರ ಮುಂದೆ ಬಾರಿಸ್ತಾರೆ, ಎಲ್ಲಾ ಇದೆ. ಬಿಡುಗಡೆಗೆ ಮೊದಲು ಹ್ಞೂಂ ಅಂದಿದ್ದ ಚೆನ್ನೈನ ಕಲಾಕ್ಷೇತ್ರ ಆಮೇಲೆ ಸಭಾಂಗಣ ಕೊಡಲ್ಲ ಅಂತು. ಪುಸ್ತಕದಿಂದ ಏನೂ ಆಗಲ್ಲ ಅನ್ನೋದಾದ್ರೆ ಅದನ್ನ ನೋಡಿ ಯಾಕಪ್ಪ ಹೆದರಬೇಕು?

ಭಾಗ 10

ಈಗ ಕೆಲಸದ ಮಾತು.

1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಅಂತ ಒಂದಿದೆ. ಅದರ ಪ್ರಕಾರ ನಿಮ್ಮ ಅಪ್ಪ ಕಟ್ಟೋ ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಸೇರಿರುತ್ತೆ. ರಶೀದಿ ತೆಗೆದು ನೋಡಿ. ಆ ದುಡ್ಡು ನಮ್ಮದು. ಜಿಲ್ಲೆಗೆ ರಾಮನಗರ ಅನ್ನಿ, ಬೆಂಗಳೂರು ದಕ್ಷಿಣ ಅನ್ನಿ, ಹೆಸರಿನ ಜಗಳ ದೊಡ್ಡೋರು ಆಡ್ಕೊಳ್ಳಲಿ. ಲೈಬ್ರರಿಗೆ ಹೋದ್ರೆ ಕೆಎಎಸ್, ಪಿಎಸ್ಐ, ಎಫ್‌ಡಿಎ ಪುಸ್ತಕಗಳ ಗುಡ್ಡ. ಬೇಕು, ಅದೂ ಬೇಕು, ನಮ್ಮ ಅಣ್ಣಂದಿರು ಅಲ್ಲೇ ಕೂತು ಓದ್ತಾರೆ. ಅದರ ಪಕ್ಕ ಸಂಗೀತಕ್ಕೆ ಒಂದು ಅಡಿ ಜಾಗ ಕೇಳೋದು ದುರಾಸೆ ಆಗುತ್ತಾ?

ನಾನು ಒಂದು ಅರ್ಜಿ ಬರೆದಿದ್ದೀನಿ, ಒಂದೇ ಪುಟ. ಕನ್ನಡದ ಸಂಗೀತ, ತಾಳವಾದ್ಯ ಪಠ್ಯಪುಸ್ತಕ ಎರಡೆರಡು ಪ್ರತಿ, 'ನಾ ಕಂಡ ಕಲಾವಿದರು', ಸ್ವರ ಸಮೇತ ಇರೋ ಒಂದು ದೇವರನಾಮದ ಪುಸ್ತಕ, ಜನಪದ ಗೀತೆಗಳ ಸಂಗ್ರಹ. ಎಲ್ಲಾ ತಾಲ್ಲೂಕಿನ ಲೈಬ್ರರಿಗೂ ಅದೇ ಅರ್ಜಿ ಆಗುತ್ತೆ, ಊರಿನ ಹೆಸರು ಬದಲಾಯಿಸಿದ್ರೆ ಸಾಕು. ಬೇಕಾದೋರು ಮೆಸೇಜ್ ಮಾಡಿ, ಕಳಿಸ್ತೀನಿ. ಒಬ್ಬರು ಕೊಟ್ರೆ ಮೂಲೆಗೆ ಹೋಗುತ್ತೆ. ಒಂದೇ ವಾರದಲ್ಲಿ ಇಪ್ಪತ್ತು ಜನ ಕೊಟ್ಟು ಸ್ವೀಕೃತಿಗೆ ಸೀಲು ಹಾಕಿಸ್ಕೊಂಡು ಬನ್ನಿ.

ಇನ್ನೊಂದು. ಈ ಸಲದ ಊರಹಬ್ಬದಲ್ಲಿ ತಮಟೆ ಹೊಡೆಯೋರ ಹತ್ರ ಹೋಗಿ, ಅಣ್ಣಾ ಅಂತ ಕರೆದು, ಕೇಳಿ, ಅವರು ಒಪ್ಪಿದ್ರೆ ಒಂದೇ ಒಂದು ಹೊಡೆತ ರೆಕಾರ್ಡ್ ಮಾಡ್ಕೊಳ್ಳಿ. ಆ ಹೊಡೆತಕ್ಕೆ ಅವರ ಬಾಯಲ್ಲಿ ಏನು ಹೆಸರು, ಯಾವ ಹೊತ್ತಲ್ಲಿ ಹೊಡೀತಾರೆ, ಯಾರ ಹತ್ರ ಕಲಿತ್ರು, ಬರ್ಕೊಳ್ಳಿ. ಹೊಡೆದೋರ ಹೆಸರು ಹಾಕೋದು ಬೇಡ್ವಾ ಅಂತಾನೂ ಅವರನ್ನೇ ಕೇಳಿ. ಹಾಕಿ ಅಂದ್ರೆ ಮೊದಲ ಸಾಲಲ್ಲೇ ಹಾಕಿ, ನಿಮ್ಮ ಹೆಸರು ಕೆಳಗೆ ಇರಲಿ. ಅಕ್ಷರ ಎಣಿಸಿ ಲಿಪೀಲಿ ಕೂರಿಸೋಕೆ ನನಗೆ, ಮತ್ತೆ ನಮ್ಮ ಕ್ಲಾಸಿನ ಮೃದಂಗದ ಹುಡುಗನಿಗೆ ಕಳಿಸಿ. ತಪ್ಪಿದ್ರೆ ಹೊಡೆದೋರ ಹತ್ರಾನೇ ವಾಪಸ್ ತಗೊಂಡು ಹೋಗಿ ತಿದ್ದಿಸೋಣ. ಹತ್ತು ಹೊಡೆತ ಸೇರಿದ್ರೆ ಹದಿನಾರು ಪುಟ ಆಗುತ್ತೆ. ಜೆರಾಕ್ಸ್ ಅಂಗಡೀಲಿ ಪಿನ್ ಹೊಡೆಸಿದ್ರೆ ಪುಸ್ತಕ. ಮೊದಲನೇ ಪ್ರತಿ ಹೊಡೆದೋರ ಮನೆಗೆ, ಎರಡನೇದು ಜಾನಪದ ಲೋಕಕ್ಕೆ, ಮೂರನೇದು ಲೈಬ್ರರಿಗೆ.

ಮಾಗಡಿಯಿಂದ ಇಲ್ಲಿವರೆಗೂ ಯಾರೂ ಹ್ಞೂಂ ಅಂದಿಲ್ಲ. ಮಾಗಡಿಯವರು ಎಲ್ಲಿದ್ದೀರಿ?